ಗೋಡೆ ಒಗ್ಗದವನು

ಸಿರಿಲ್ ಟೆಬಟ್ ದಡದ ಮೇಲೆ ನಿಂತು ಎರಡೂ ಕೈಯಿಂದ ಚಕ್ರ ತಿರುಗಿಸುತ್ತಿದ್ದ. ಒಂದೊಂದು ಸುತ್ತಿಗೂ ದೋಣಿಯ ಹಿಂದೆ, ಲಾಕ್ ಎಂಬ ನೀರಿನ ತೊಟ್ಟಿಯ ದೊಡ್ಡ ಕಬ್ಬಿಣದ ಬಾಗಿಲು ಬೆರಳಿನಷ್ಟು ಮಾತ್ರ ಕೆಳಗಿಳಿಯುತ್ತಿತ್ತು. ಅದರ ಅಂಚಿನಿಂದ ಕೆಸರುನೀರು ತೊಟ್ಟಿಕ್ಕಿ ಚುಕ್ಕಾಣಿ ಹಿಡಿದಿದ್ದ ಡೊರೀನ್‌ಳ ಕುತ್ತಿಗೆಗೆ ಬಿತ್ತು. ಅವಳು ದೇವರ ಹೆಸರನ್ನು ದೇವರಿಗೆ ಇಷ್ಟವಾಗದ ರೀತಿಯಲ್ಲಿ ಹೇಳಿದಳು. ದೋಣಿಯ ಚಾವಣಿಯ ಮೇಲೆ ಎರಡು ಹಲಗೆಗೆ ನೀಲಿ ಹಗ್ಗದಿಂದ ಬಿಗಿದಿದ್ದ ಶವಪೆಟ್ಟಿಗೆಗೂ ಅದೇ ನೀರು ಸಿಡಿಯಿತು. ಪೆಟ್ಟಿಗೆಯೊಳಗೆ ಸಿರಿಲ್‌ನ ಹೆಂಡತಿ ಎನಿಡ್ ಇದ್ದಳು. ಮೇಲೆ ಸೇವಂತಿಗೆ ಹೂವಿನ ಉಂಗುರ ಒಂದು ಕಡೆಗೆ ಜಾರಿತ್ತು.

"ಕಾರಲ್ಲಾಗಿದ್ರೆ ಇಷ್ಟೊತ್ತಿಗೆ ಚರ್ಚಿನಲ್ಲಿ ಕೂತಿರ್ತಿದ್ವಿ," ಎಂದಳು ಮಗಳು ಹೇಜಲ್. ಅವಳು ದೋಣಿಯ ಮುಂಭಾಗದಲ್ಲಿ ಕಪ್ಪು ಕೋಟು ತೊಟ್ಟು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಕಾಲು ಗಂಟೆ ದಾರಿ. ಅಮ್ಮನ್ನ ಇವತ್ತಾದ್ರೂ ಬಿಡ್ಬೋದಿತ್ತು ನೀನು. ಸತ್ತ ಮೇಲೂ ಹೊಳೆ ಮೇಲೆ ಎಳ್ಕೊಂಡು ಹೋಗ್ಬೇಕಾ?"

"ನನ್ನ ಹಠ ಅಂತಿಟ್ಕೋ," ಎಂದ ಸಿರಿಲ್, ಚಕ್ರ ಬಿಡದೆ.

"ಇಟ್ಕೊಳ್ಳೋದೇನು. ಎಲ್ಲಾ ನಿನ್ನ ಹಠವೇ."

ಡೊರೀನ್ ತಿರುಗಿ ಸಿರಿಲ್‌ನನ್ನು ನೋಡಿದಳು. ಸಿರಿಲ್ ನೋಡಲಿಲ್ಲ. ನೀರ ಮೇಲೆ ಹೋಗಬೇಕೆಂದದ್ದು ಅವನಲ್ಲ, ಪೆಟ್ಟಿಗೆಯೊಳಗೆ ಮಲಗಿದವಳು. "ಹೂಳೋದು ಹೇಜಲ್ ಎಲ್ಲಿ ಹೇಳ್ತಾಳೋ ಅಲ್ಲಿ ಹೂಳಿ, ಆದ್ರೆ ಕಾರಲ್ಲಿ ಮಾತ್ರ ಹೋಗಲ್ಲ" ಎಂದು ಎನಿಡ್ ಸಾಯುವ ವಾರ ಇವರಿಬ್ಬರ ಎದುರಿಗೇ ಹೇಳಿದ್ದಳು. ಶವ ತಂದುಕೊಟ್ಟವರು ಪೆಟ್ಟಿಗೆಯನ್ನು ಕಟ್ಟೆಯ ಮೇಲಿಳಿಸಿ, ಹೊಳೆಗೆ ಬಿದ್ದರೆ ತಾವು ಜವಾಬ್ದಾರರಲ್ಲ ಎಂದು ಹೇಳಿ ಹೊರಟುಹೋಗಿದ್ದರು.

ಬಾಗಿಲು ನೀರಿಗೆ ತಾಗಿ, ತಳಕ್ಕೆ ಕೂತಿತು. ಈಗ ದೋಣಿ ನಿಂತದ್ದು ಕಲ್ಲಿನ ತೊಟ್ಟಿಯೊಳಗೆ. ಇನ್ನು ಮುಂದಿನ ಜೋಡಿ ಕದದ ತೂಬು ಎತ್ತಬೇಕು, ಮೇಲಿನ ಹೊಳೆಯ ನೀರು ಒಳಗೆ ತುಂಬಿ ದೋಣಿಯನ್ನು ಏರಿಸಬೇಕು. ಎರಡೂ ಕಡೆಯ ನೀರು ಸಮವಾಗುವ ತನಕ ಆ ಕದಗಳು ಯಾರು ತಳ್ಳಿದರೂ ಜಗ್ಗುವುದಿಲ್ಲ. ನಮ್ಮ ನೆನ್ ನದಿಯಲ್ಲಿ ಲಾಕ್ ದಾಟುವುದೆಂದರೆ ಇಷ್ಟೇ: ತಿರುಗಿಸು, ಕಾಯಿ, ತಳ್ಳು, ಮತ್ತೆ ಕಾಯಿ. ಅರ್ಧ ಆಯುಷ್ಯ ಕಾಯುವುದರಲ್ಲೇ ಹೋಗುತ್ತದೆ ಎಂದು ಗೊಣಗುತ್ತಲೇ ಎಲ್ಲರೂ ಇಲ್ಲೇ ಇರುತ್ತಾರೆ.

ಅಳಿಯ ನೀಲ್ ತನ್ನ ಒಳ್ಳೆಯ ಶೂ ಕೆಸರಾಗದಂತೆ ನೋಡಿಕೊಳ್ಳುತ್ತ ತೂಬು ಎತ್ತಲು ಹೋದ. ಡೊರೀನ್ ದೋಣಿಯನ್ನು ಹಗ್ಗದಿಂದ ಕಟ್ಟಿ, ಗೋಡೆಯ ಏಣಿ ಹತ್ತಿ ಸಿರಿಲ್‌ನ ಪಕ್ಕ ಬಂದು ನಿಂತಳು. ಅವಳದೂ ದೋಣಿಯ ಮೇಲಿನ ಬದುಕೇ. ಅವಳ ದೋಣಿಯೂ ಟೆಬಟ್ ದಂಪತಿಯ ಈ ‘ಮ್ಯಾರಿಗೋಲ್ಡ್’ ದೋಣಿಯೂ ಎಷ್ಟೋ ಚಳಿಗಾಲ ಒಂದೇ ದಡದಲ್ಲಿ ಕಳೆದಿದ್ದವು.

"ಎಷ್ಟು ದಿನ ಬೈಸಿಕೊಳ್ತೀಯ?" ಎಂದು ಮೆಲ್ಲಗೆ ಕೇಳಿದಳು.

"ಮಾತು ಕೊಟ್ಟಿದೀನಿ."

"ಯಾರಿಗೆ ಕೊಟ್ಟೆಯೋ ಅವಳು ಅಲ್ಲಿ ಮಲಗಿದಾಳೆ. ಅವಳಿಗೇನೂ ಕೇಳಲ್ಲ."

"ಹೇಜಲ್‌ಗೆ ಕೇಳುತ್ತಲ್ಲ," ಎಂದು ಸಿರಿಲ್ ಸೊಂಟ ಒತ್ತಿಕೊಂಡ.

*

ಎನಿಡ್ ಮದುವೆಗೆ ಮುಂಚಿನಿಂದಲೂ ಶೂ ಕಾರ್ಖಾನೆಯಲ್ಲಿ ಚರ್ಮ ಹೊಲಿಯುತ್ತಿದ್ದಳು. ಹೊಲಿಯುವ ಕೋಣೆಯ ಕಿಟಕಿಗಳಿಗೆ ತಲೆಯೆತ್ತರದ ತನಕ ಬಿಳಿ ಬಣ್ಣ ಬಳಿದಿತ್ತು, ಹೆಂಗಸರು ಹೊರಗೆ ನೋಡುತ್ತ ಕೂರಬಾರದೆಂದು. ಅದೇ ಕಾರ್ಖಾನೆಯ ಮೇಲಿನ ಅಂತಸ್ತಿನಲ್ಲಿ ಸಿರಿಲ್ ಚರ್ಮ ಕತ್ತರಿಸುತ್ತಿದ್ದ. ಕೆಲಸ ಮುಗಿದರೆ ಅವನಿಗೆ ಮನೆ, ಚಪ್ಪಲಿ, ಬೆಂಕಿಯ ಮುಂದಿನ ಕುರ್ಚಿ, ಹಿತ್ತಲಿನ ತರಕಾರಿ ಮಡಿ ಇಷ್ಟಿದ್ದರೆ ಸಾಕು. ಒಮ್ಮೆ ಊರ ತರಕಾರಿ ಪ್ರದರ್ಶನದಲ್ಲಿ ಅವನ ಈರುಳ್ಳಿಗೆ ಎರಡನೆಯ ಬಹುಮಾನ ಬಂದಿತ್ತು. ಆ ವಿಷಯ ಅವನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದ.

ಎನಿಡ್‌ಳಿಗೆ ಚಹಾ ಕೂಡ ಕೂತು ಕುಡಿದು ಗೊತ್ತಿರಲಿಲ್ಲ. ಲೋಟ ಹಿಡಿದು ಅಡುಗೆಮನೆಯಿಂದ ಹೊಸಲಿಗೆ, ಹೊಸಲಿಂದ ಬೀದಿಗೆ ಹೋಗಿ ಬರುವಳು. ವಾರಕ್ಕೊಮ್ಮೆ ಮನೆಯ ಸಾಮಾನೆಲ್ಲ ಜಾಗ ಬದಲಾಯಿಸುವಳು. ಒಮ್ಮೆ ಕರೆಂಟು ಹೋದಾಗ ಸಿರಿಲ್, ಕುರ್ಚಿ ಮೊದಲಿದ್ದ ಜಾಗದಲ್ಲಿ ಕೂರಲು ಹೋಗಿ ನೆಲಕ್ಕೆ ಬಿದ್ದ. ಎನಿಡ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮರುವಾರ ಮತ್ತೆ ಕುರ್ಚಿ ಸರಿಸಿದಳು.

ಕಾರ್ಖಾನೆ ಮುಚ್ಚಿದ ವರ್ಷ ದೋಣಿ ಹುಡುಕಿದ್ದು ಅವಳೇ. ಯಾರದೋ ಹಳೆಯ ದೋಣಿ, ಒಲೆಯ ಹೊಗೆ ಒಳಗೇ ತುಂಬುತ್ತಿತ್ತು.

"ಒಂದೇ ಬೇಸಿಗೆ, ಸಿರಿಲ್. ಆಮೇಲೆ ನಿನ್ನ ಈರುಳ್ಳಿ ಹತ್ರ ವಾಪಸ್ ಹೋಗೋಣ."

ಆ ಬೇಸಿಗೆ ಮುಗಿಯಲೇ ಇಲ್ಲ. ಅವಳು ಲಾಕ್‌ನಿಂದ ಲಾಕ್‌ಗೆ ಓಡುತ್ತ ಚಕ್ರ ತಿರುಗಿಸಿದಳು, ಕದ ತಳ್ಳಿದಳು, ಎರಡು ದಿನ ಒಂದೇ ಕಡೆ ನಿಂತರೆ ಮೂರನೆಯ ದಿನ ಹಗ್ಗ ಬಿಚ್ಚಿದಳು. ಅವಳ ಕೆನ್ನೆಗೆ ಬಣ್ಣ ಬಂತು. ಸಿರಿಲ್ ಚುಕ್ಕಾಣಿ ಹಿಡಿದು, ಕಂಬಳಿ ಹೊದ್ದು, ದಡದ ಮನೆಗಳ ಹೊಗೆಗೊಳವೆ ನೋಡುತ್ತ ಸಾಗಿದ. ಹೆಂಡತಿಯ ಆ ಮುಖ ಅವನು ಮದುವೆಯ ದಿನವೂ ನೋಡಿರಲಿಲ್ಲ. ಅದನ್ನು ಕಂಡ ಮೇಲೆ ಮನೆಯ ಮಾತು ಬಾಯಿಗೆ ಬರುತ್ತಿರಲಿಲ್ಲ.

ಹೇಜಲ್‌ಳ ಮೊದಲ ಮಗು ಹುಟ್ಟಿದಾಗ ಎನಿಡ್ ಫೋನ್ ಮಾಡಿ ಬಂದು ದೋಣಿಯೊಳಗೆ ನಿಂತೇ ಅತ್ತಳು.

"ಬಂದುಬಿಡಿ ಅಂತಾಳೆ. ಮೇಲಿನ ಕೋಣೆ ನಮಗೇ ಅಂತ ಖಾಲಿ ಮಾಡಿಸಿದಾಳಂತೆ."

"ಹೋಗೋಣ," ಎಂದ ಸಿರಿಲ್. ಅವನ ಮುಖ ಅರಳಿದ್ದನ್ನು ಅವಳು ನೋಡಿದಳು.

"ನನ್ನ ಕೈಲಾಗಲ್ಲ. ಬೆಳಿಗ್ಗೆ ಎದ್ರೆ ಅದೇ ಕಿಟಕಿ, ಅದೇ ಬೀದಿ. ಉಸಿರು ಕಟ್ಟುತ್ತೆ ಸಿರಿಲ್. ಮಗು ಅಂದ್ರೆ ಜೀವ ಬಿಡ್ತೀನಿ, ಆದ್ರೂ ಆಗಲ್ಲ. ಎಂಥಾ ತಾಯಿ ನಾನು?"

"ಹಾಗಂತ ಅವಳಿಗೇ ಹೇಳು."

"ನಿನಗಿಂತ ನನಗೆ ಹೊಳೆ ಇಷ್ಟ ಅಂತ ಮಗಳಿಗೆ ಹೇಗೆ ಹೇಳ್ಲಿ?" ಅವಳು ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು. "ನಿಂಗೆ ಗೋಡೆ ಒಗ್ಗಲ್ಲ ಅಂತ ಹೇಳಿಬಿಡ್ತೀನಿ. ಅಪ್ಪಂದು ಹಠ ಅಂದ್ರೆ ಒಂದಿನ ಬೈಕೊಂಡು ಸುಮ್ನಾಗ್ತಾಳೆ."

ಸಿರಿಲ್ ನಕ್ಕು, ಆಗಲಿ ಎಂದ. ಒಂದು ದಿನದ ಬೈಗುಳವಲ್ಲವೇ ಎಂದುಕೊಂಡ. ಆ ಮಗುವಿಗೆ ಈಗ ಮೀಸೆ ಬಂದಿದೆ. ಹೇಜಲ್ ಇನ್ನೂ ಸುಮ್ಮನಾಗಿಲ್ಲ.

*

ತೊಟ್ಟಿ ತುಂಬುತ್ತಿತ್ತು. ಪೆಟ್ಟಿಗೆ ಮೊದಲು ದಡದ ಮಟ್ಟಕ್ಕೆ ಬಂತು, ಆಮೇಲೆ ಹೇಜಲ್‌ಳ ಟೋಪಿ. ದಡದಲ್ಲಿ ಏಳೆಂಟು ಜನ ದೋಣಿಯವರು ಸೇರಿದ್ದರು. ಸಾವಿಗೆ ಬಂದವರೂ ಕೆಲಸ ಕಂಡರೆ ಕೈ ಹಾಕದೆ ಇರಲಾರರು. ಒಬ್ಬ ಹಗ್ಗ ಹಿಡಿದ, ಒಬ್ಬಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಆಲ್ಬಿ ಎಂಬ ಮುದುಕ ಟೋಪಿ ತೆಗೆದು ಪೆಟ್ಟಿಗೆಗೆ ಒಮ್ಮೆ ತಲೆಬಾಗಿದ. ಆಮೇಲೆ ಹೇಜಲ್‌ಳನ್ನು ಕೈಹಿಡಿದು ದಡಕ್ಕೆ ಹತ್ತಿಸಿಕೊಂಡ.

"ನಿಮ್ಮಮ್ಮ ಈ ಕದದ ಹತ್ರ ನಿಂತ್ಕೊಳ್ತಿದ್ದ ಕ್ರಮ ನೀನು ನೋಡ್ಬೇಕಿತ್ತಮ್ಮ," ಎಂದ ಆಲ್ಬಿ. "ನೀರು ಅರ್ಧ ತುಂಬಿರಲ್ಲ, ಆಗ್ಲೇ ಬೆನ್ನು ಕೊಟ್ಟು ತಳ್ಳೋಕೆ ಶುರು. ಎನಿಡ್, ಅದು ಬರಲ್ಲ ಕಣೇ, ಕೂತ್ಕೋ ಅಂತಿದ್ದೆ. ಬರುತ್ತೆ ಬರುತ್ತೆ ಅನ್ನೋಳು. ಕಾಲು ಜಾರಿ ಬಿದ್ದದ್ದೂ ಇದೆ."

ಸುತ್ತಲಿನವರು ನಕ್ಕರು. ಸಿರಿಲ್‌ಗೂ ನಗು ಬಂತು. ಹೇಜಲ್ ನಗಲಿಲ್ಲ.

"ಅಪ್ಪ ಕೂಗಾಡ್ತಾನೆ ಅಂತ ಹೆದ್ರಿಕೆ ಅವಳಿಗೆ," ಎಂದಳು. "ಬೇಗ ಬಾ, ಬೇಗ ಬಾ ಅಂತ ದೋಣಿಯಿಂದ ಕೂಗ್ತಿದ್ದ. ಚಿಕ್ಕಮಕ್ಕಳನ್ನ ಕರ್ಕೊಂಡು ಬಂದಾಗ ನಾನೇ ಕೇಳಿದೀನಿ."

ಆಲ್ಬಿ ಬಾಯಿ ತೆರೆದು ಸಿರಿಲ್‌ನನ್ನು ನೋಡಿ ಮುಚ್ಚಿಕೊಂಡ. ಸಿರಿಲ್ ಕೂಗುತ್ತಿದ್ದದ್ದು ನಿಜ. ‘ಬೇಗ ಬಾ’ ಎಂದಲ್ಲ, ‘ಬೀಳ್ತೀಯ’ ಎಂದು. ಆದರೆ ಆ ಮಾತನ್ನು ಈಗ ಹೇಳಿದರೆ, ನೂಲಿನ ತುದಿ ಹಿಡಿದು ಎಳೆದಂತೆ ಉಳಿದದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

"ನನ್ನ ಬಾಯಿ ದೊಡ್ಡದು," ಎಂದ ಅವನು.

ಕದ ತೆರೆಯಿತು. ಡೊರೀನ್ ದೋಣಿಯನ್ನು ಮೇಲಿನ ಹೊಳೆಗೆ ತಂದು ದಡಕ್ಕೆ ತಗುಲಿಸಿ ನಿಲ್ಲಿಸಿದಳು. ಹೊರಗಿನವರಿಗೆ ಇಲ್ಲೇ ಸಿಟ್ಟು ಬರುವುದು. ದೋಣಿ ದಾಟಿತು, ಕೆಲಸ ಮುಗಿಯಿತು ಎನ್ನುವಂತಿಲ್ಲ. ಮೇಲಕ್ಕೆ ಹೋದವರು ಹಿಂದಿರುಗಿ ಬಂದು ಕದ ಮುಚ್ಚಬೇಕು, ತೂಬು ಇಳಿಸಬೇಕು, ತೊಟ್ಟಿ ಪೂರಾ ಖಾಲಿ ಮಾಡಿ ಕೆಳಗಿನ ಕಬ್ಬಿಣದ ಬಾಗಿಲನ್ನು ಮತ್ತೆ ಎತ್ತಿಯೇ ಹೋಗಬೇಕು. ಇಲ್ಲಿನ ಕಟ್ಟಳೆ ಅದು. ಮಳೆಯಲ್ಲಿ ಹೊಳೆ ಏರಿದ ದಿನವಂತೂ ತಪ್ಪಿಸುವಂತಿಲ್ಲ. ತಾವು ದಾಟಿ ಆದಮೇಲೂ ಕಾಯುವ ಆ ಹೊತ್ತು ಎಲ್ಲದಕ್ಕಿಂತ ಉದ್ದ.

"ಬಿಟ್ಟು ಬಾರಪ್ಪ," ಎಂದು ಹೇಜಲ್ ಕೂಗಿದಳು. "ಪಾದ್ರಿಯವರು ಕಾಯ್ತಿದಾರೆ."

"ಎನಿಡ್ ಯಾವತ್ತೂ ಬಿಟ್ಟು ಹೋಗ್ತಿರಲಿಲ್ಲ," ಎಂದಳು ಡೊರೀನ್.

"ಹೋಗೋಕೆ ಯಾರು ಬಿಡ್ತಿದ್ರು? ಈ ಚಕ್ರ ತಿರುಗಿಸಿ ತಿರುಗಿಸಿ ಸವೆದುಹೋದ್ಲು ಅವಳು. ಒಂದು ಮನೆ ಕೇಳಿದ್ಲು, ಅಷ್ಟೇ."

"ಹೇಜಲ್, ನಿನ್ನಮ್ಮ…" ಡೊರೀನ್‌ಳ ಮುಖ ಕೆಂಪಾಗಿತ್ತು.

"ಡೊರೀನ್," ಎಂದು ಸಿರಿಲ್ ಅಡ್ಡ ಬಂದ. "ಹಗ್ಗ ಜಾರ್ತಿದೆ ನೋಡು."

ಹಗ್ಗ ಜಾರುತ್ತಿರಲಿಲ್ಲ. ಡೊರೀನ್ ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು. ನೀಲ್ ಕೋಟು ಕಳಚಿ ಚಕ್ರಕ್ಕೆ ಕೈ ಹಾಕಿದ. ತೊಟ್ಟಿ ಖಾಲಿಯಾಗುವ ತನಕ ಹೇಜಲ್ ದಡದ ಉದ್ದಕ್ಕೂ ಹೋಗಿ ಬಂದು ಮಾಡಿದಳು. ಚಹಾದ ಲೋಟ ಅವಳ ಕೈಯಲ್ಲೇ ಇತ್ತು. ಒಮ್ಮೆ ಲೋಟ ಕೆಳಗಿಟ್ಟು, ಗಂಡನನ್ನು ಪಕ್ಕಕ್ಕೆ ಸರಿಸಿ, ತಾನೇ ನಾಲ್ಕು ಸುತ್ತು ತಿರುಗಿಸಿದಳು. ಆಮೇಲೆ ಮತ್ತೆ ಅಡ್ಡಾಡಿದಳು. ಸಿರಿಲ್ ಅವಳನ್ನೇ ನೋಡುತ್ತ ನಿಂತ. ನೀನು ಥೇಟ್ ಅವಳೇ ಎಂದು ಹೇಳಬೇಕೆಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ, ಮುಖ ತಿರುಗಿಸಿ ಹೊಳೆಯ ಕಡೆ ನೋಡಬೇಕಾಯಿತು.

*

ಹೋಲ್ಟನ್ ಊರಿನ ಚರ್ಚು ಹೊಳೆಯ ದಡದಲ್ಲೇ ಇದೆ. ಅವರು ತಲುಪಿದಾಗ ಪಾದ್ರಿ ಕಟ್ಟೆಯ ತನಕ ಬಂದು ಕೊಡೆ ಹಿಡಿದು ನಿಂತಿದ್ದರು. ದೋಣಿಯವರೇ ಪೆಟ್ಟಿಗೆ ಹೊತ್ತರು.

ಪಾದ್ರಿಯವರು ಎನಿಡ್‌ಳನ್ನು ಕಂಡವರಲ್ಲ. ಹೇಜಲ್ ಹೇಳಿದ್ದನ್ನೇ ಚೆನ್ನಾಗಿ ಹೇಳಿದರು. ಗಂಡನ ಅಲೆದಾಟದ ಆಸೆಗೆ ತನ್ನ ಮನೆಯ ಆಸೆಯನ್ನು ಬಿಟ್ಟುಕೊಟ್ಟವಳು ಎಂದರು. ಮಗಳಿಗಾಗಿ, ಮೊಮ್ಮಕ್ಕಳಿಗಾಗಿ ದೂರದಿಂದ ಹಂಬಲಿಸಿದವಳು ಎಂದರು. ಹಿಂದಿನ ಬೆಂಚಿನಲ್ಲಿದ್ದ ದೋಣಿಯವರು ಕೆಮ್ಮಿದರು, ಕಾಲು ಸರಿಸಿದರು, ಪ್ರಾರ್ಥನೆಯ ಪುಸ್ತಕದ ಹಾಳೆ ಮಗುಚಿದರು. ಊರವರು ಸಿರಿಲ್‌ನ ಕತ್ತಿನ ಹಿಂಭಾಗವನ್ನು ನೋಡಿದರು. ಅವನು ನೆಟ್ಟಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಪಾದ್ರಿಯ ಮಾತಿನಲ್ಲಿ ತಾನಾಗಿದ್ದ ಆ ಗಂಡಸು ಅವನಿಗೂ ಹಿಡಿಸಲಿಲ್ಲ.

ಮಣ್ಣಿಗಿಡುವಾಗ ಹಗ್ಗ ಹಿಡಿದವರು ಆಲ್ಬಿ ಮತ್ತು ಅವನ ಕಡೆಯವರು. ದಿನವೂ ಹಗ್ಗ ಸಡಿಲಿಸುವ ಕೈಗಳು, ಪೆಟ್ಟಿಗೆ ಒಂದಿಷ್ಟೂ ವಾಲದೆ ಇಳಿಯಿತು. ಹೇಜಲ್ ಒಂದು ಹಿಡಿ ಮಣ್ಣು ಹಾಕಿದಳು.

"ಇನ್ನಾದ್ರೂ ಒಂದು ಕಡೆ ನೆಮ್ಮದಿಯಾಗಿರು ಅಮ್ಮ," ಎಂದಳು. "ಇನ್ನು ಯಾರೂ ಎಬ್ಬಿಸಲ್ಲ."

ಸಿರಿಲ್‌ಗೆ ಅಳು ಬಂದದ್ದು ಆಗಲೇ. ಒಂದೇ ಕಡೆ ಇರುವುದು ಅವಳಿಗೆ ಎಷ್ಟು ಕಷ್ಟ ಎಂಬುದು ಅಲ್ಲಿದ್ದವರಲ್ಲಿ ಅವನಷ್ಟು ಯಾರಿಗೆ ಗೊತ್ತು.

*

ಸಾಯುವ ವಾರ ಆಸ್ಪತ್ರೆಯಲ್ಲಿ ಎನಿಡ್‌ಳ ಹಾಸಿಗೆ ಕಿಟಕಿಯ ಪಕ್ಕ ಇತ್ತು. ಕಾಲು ಎತ್ತಲು ಶಕ್ತಿಯಿಲ್ಲದೆ ಹೊದಿಕೆಯ ಕೆಳಗೆ ಪಾದ ಮಾತ್ರ ಅಲ್ಲಾಡಿಸುತ್ತಿದ್ದಳು.

"ಹೇಜಲ್‌ಗೆ ಹೇಳ್ಬೇಡ," ಎಂದಳು. "ನಾನು ಹೋದ ಮೇಲೂ ಹೇಳ್ಬೇಡ. ಅಮ್ಮ ಬರಬೇಕು ಅಂತಿದ್ಲು, ಆಗಲಿಲ್ಲ ಅಂತ ಅವಳು ನಂಬಿದಾಳೆ. ಅಷ್ಟಾದ್ರೂ ಇರಲಿ ಅವಳಿಗೆ."

"ಹೇಳಲ್ಲ."

"ನಿಂಗೆ ಮನೆ ಬೇಕಿತ್ತು." ಅವಳು ಅವನ ಕೈ ಹಿಡಿದುಕೊಂಡಳು. "ನಂಗೆ ಗೊತ್ತಿರಲಿಲ್ಲ ಅಂದ್ಕೊಂಡಿದ್ಯಾ? ಗೊತ್ತಿದ್ದೂ ತಿರುಗಾಡಿದೆ. ಕೆಟ್ಟವಳು ನಾನು."

"ಈರುಳ್ಳಿಗೆ ಎರಡನೆ ಬಹುಮಾನಕ್ಕಿಂತ ಮೇಲೆ ಬರ್ತಿರಲಿಲ್ಲ ಬಿಡು," ಎಂದ ಸಿರಿಲ್.

ಅವಳು ನಕ್ಕಳು. ನಗುತ್ತಲೇ, ನಾಳೆ ಹಾಸಿಗೆಯನ್ನು ಆ ಕಡೆ ಗೋಡೆಗೆ ಸರಿಸಲು ನರ್ಸಿಗೆ ಹೇಳು ಎಂದಳು.

*

ಹೇಜಲ್‌ಳ ಮನೆ ಚರ್ಚಿನಿಂದ ಕೂಗಳತೆ. ಮುಂದಿನ ಕೋಣೆಯ ತುಂಬ ಜನ, ಹಂದಿಮಾಂಸದ ಸ್ಯಾಂಡ್‌ವಿಚ್, ಒಣಹಣ್ಣಿನ ಕೇಕು, ದೊಡ್ಡ ಕೆಟಲಿನಲ್ಲಿ ಚಹಾ. ಶೂ ಬಿಚ್ಚಿ ಬಾಗಿಲಲ್ಲಿಟ್ಟ ದೋಣಿಯವರು ಕಾರ್ಪೆಟ್ಟಿನ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ನದಿ ಇಲಾಖೆಯವನೊಬ್ಬ ಹಳದಿ ಕೋಟಿನಲ್ಲೇ ಬಂದು ಸಿರಿಲ್‌ನ ಕೈ ಕುಲುಕಿದ.

"ಹೊಳೆಯ ಮೇಲ್ಗಡೆ ಮಳೆ ಜೋರಂತೆ. ಕತ್ತಲಾಗೋ ಹೊತ್ತಿಗೆ ಲಾಕ್‌ಗಳಿಗೆ ಸರಪಳಿ ಹಾಕ್ತೀವಿ. ಆಮೇಲೆ ನೀರು ಇಳಿಯೋವರೆಗೂ ಯಾವ ದೋಣಿಯೂ ಅಲ್ಲಾಡಂಗಿಲ್ಲ. ನೀವು ಇಲ್ಲೇ ಇರಿ, ಒಳ್ಳೆ ಜಾಗ."

ಅವನು ಹೋದ ಕೂಡಲೇ ಡೊರೀನ್ ಸಿರಿಲ್‌ನ ತೋಳು ಹಿಡಿದಳು.

"ಕೇಳಿಸ್ತಾ? ಹೊಳೆಯೇ ನೆಪ ಕೊಟ್ಟಿದೆ. ಎರಡು ವಾರ ಉಳ್ಕೋ. ಎರಡು ವಾರ ಆದ್ಮೇಲೆ ಯಾರು ಲೆಕ್ಕ ಇಡ್ತಾರೆ."

ಸಿರಿಲ್ ಮೆಟ್ಟಿಲ ಕಡೆ ನೋಡಿದ. ಅಷ್ಟರಲ್ಲಿ ನೀಲ್ ಬಂದು, ಸ್ವಲ್ಪ ಕೂತು ಸುಧಾರಿಸಿಕೊಳ್ಳಿ ಎಂದು ಅವನನ್ನು ಮೇಲೆ ಕರೆದುಕೊಂಡು ಹೋದ. ಮೆಟ್ಟಿಲು ಹತ್ತುವಾಗ ಸೊಂಟ ನೋಯುತ್ತಿತ್ತು, ಆದರೂ ಕಾಲ ಕೆಳಗೆ ನೆಲ ಅಲುಗಾಡಲಿಲ್ಲ ಎಂಬುದೇ ಅವನಿಗೆ ಹಿತವಾಯಿತು. ಕೋಣೆಯಲ್ಲಿ ಮಂಚವಿತ್ತು, ಹೂವಿನ ಹೊದಿಕೆಯಿತ್ತು. ಕಿಟಕಿಯ ಕೆಳಗಿನ ಬಿಸಿನೀರಿನ ಕೊಳವೆಯ ಮೇಲೆ ಸಿರಿಲ್ ಕೈಯಿಟ್ಟ. ಬೆಚ್ಚಗಿತ್ತು. ಯಾರೂ ಎದ್ದು ಕಟ್ಟಿಗೆ ಹಾಕದೆಯೂ ಬೆಚ್ಚಗಿತ್ತು. ಅವನು ಮಂಚದ ಅಂಚಿಗೆ ಕೂತ, ಹಾಸಿಗೆ ಅವನನ್ನು ಸ್ವಲ್ಪ ಒಳಗೆ ತೆಗೆದುಕೊಂಡಿತು. ಕೆಳಗೆ ಹಿತ್ತಲು ಕಾಣುತ್ತಿತ್ತು. ಅಲ್ಲೊಂದು ಮೂಲೆಯಲ್ಲಿ ಬಿಸಿಲು ಚೆನ್ನಾಗಿ ಬೀಳಬಹುದು, ಒಂದು ಮಡಿ ತೋಡಿದರೆ ಆದೀತು ಎಂದುಕೊಂಡ.

"ಈ ಕೋಣೆ ಯಾವಾಗ್ಲೂ ನಿಮ್ಮದೇ, ಸಿರಿಲ್," ಎಂದ ನೀಲ್. "ಇವತ್ತೇ ಉಳ್ಕೊಳ್ಳಿ."

ಹೇಜಲ್ ಬಾಗಿಲಲ್ಲಿ ನಿಂತಿದ್ದಳು. ಅತ್ತು ಅವಳ ಕಣ್ಣು ಊದಿದ್ದವು.

"ಆ ಪರದೆ ನೋಡು ಅಪ್ಪ. ಅಮ್ಮನೇ ಆರಿಸಿದ್ದು. ನಾವಿಬ್ರೂ ಅಂಗಡಿಗೆ ಹೋಗಿ ತಂದ್ವಿ. ‘ಒಂದಿನ ನಿಮ್ಮಪ್ಪನ್ನ ಒಪ್ಪಿಸಿಯೇ ಒಪ್ಪಿಸ್ತೀನಿ, ಇಲ್ಲಿ ಕೂತು ಚಹಾ ಕುಡೀತೀನಿ’ ಅಂದಿದ್ಲು. ನಾನು ಆ ಮಾತಿನ ಮೇಲೇ ಇಷ್ಟು ವರ್ಷ ಕಳೆದೆ." ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ನೀನು ಬಂದ್ರೆ ಬೇಡ ಅನ್ನಲ್ಲ. ನನ್ನಪ್ಪ ನೀನು, ನೋಡ್ಕೊಳ್ತೀನಿ. ಆದ್ರೆ ಒಂದು ಪ್ರಶ್ನೆಗೆ ಉತ್ತರ ಹೇಳಿ ಬಾ. ಇವತ್ತು ಆಗೋದು, ಅಮ್ಮ ಇದ್ದಾಗ ಯಾಕೆ ಆಗಲಿಲ್ಲ?"

ನೀಲ್ ನೆಲ ನೋಡಿದ. ಉತ್ತರ ಸಿರಿಲ್‌ನ ನಾಲಿಗೆಯ ತುದಿಯಲ್ಲಿತ್ತು. ಅದು ನಿಜವೂ ಆಗಿತ್ತು, ಚಿಕ್ಕದೂ ಆಗಿತ್ತು. ಹೇಳಿದ ಕ್ಷಣಕ್ಕೆ ಈ ಹಾಸಿಗೆ, ಈ ಬಿಸಿ, ಮಗಳು, ಎಲ್ಲ ಅವನದಾಗುತ್ತಿತ್ತು. ಹೇಜಲ್‌ಳ ಕೈಯಿಂದ ಮಾತ್ರ ಅವಳಮ್ಮ ಹೋಗಿಬಿಡುತ್ತಿದ್ದಳು. ಪರದೆಯನ್ನು ಆರಿಸಿ, ಬರುತ್ತೇನೆಂದು ಸುಳ್ಳು ಹೇಳಿ, ಹಗ್ಗ ಬಿಚ್ಚಿಕೊಂಡು ಓಡಿದ ಒಬ್ಬ ಹೆಂಗಸು ಉಳಿಯುತ್ತಿದ್ದಳು. ಮಣ್ಣು ಇನ್ನೂ ಹಸಿಯಾಗಿತ್ತು.

ಅವನು ಮಂಚದಿಂದ ಎದ್ದ. ಏಳುವುದು ಕಷ್ಟವಾಯಿತು.

"ಯಾರು ಬರ್ತೀನಿ ಅಂದ್ರು?" ಎಂದ. "ಇಲ್ಲಿ ಗಾಳಿಯೇ ಇಲ್ವಲ್ಲ ಮಾರಾಯ್ತಿ. ಕಿಟಕಿ ತೆಗೀರಿ ಒಂದ್ಸಲ. ಸರಪಳಿ ಹಾಕೋಕೆ ಮುಂಚೆ ನಾನು ಮೇಲಿನ ಲಾಕ್ ದಾಟ್ಬೇಕು. ಇಲ್ಲಾಂದ್ರೆ ಇಲ್ಲೇ ಸಿಕ್ಕಿ ಬೀಳ್ತೀನಿ."

"ಇವತ್ತು? ಅಮ್ಮನ್ನ ಮಣ್ಣು ಮಾಡಿ ಇನ್ನೂ ಚಹಾ ಆರಿಲ್ಲ."

"ನಂಗೆ ಗೋಡೆ ಒಗ್ಗಲ್ಲ ಅಂತ ನಿಂಗೆ ಗೊತ್ತಲ್ಲ."

"ಗೊತ್ತಿತ್ತು," ಎಂದಳು ಹೇಜಲ್. ಸಿಟ್ಟಿನ ಜೊತೆಗೆ ಅವಳ ದನಿಯಲ್ಲಿ ಏನೋ ಹಗುರವಾದದ್ದೂ ಕೇಳಿಸಿತು. ಅವಳಮ್ಮ ಅವಳಿಗೆ ಹಾಗೆಯೇ ಉಳಿದಿದ್ದಳು.

*

ಹೋಲ್ಟನ್‌ನ ಮೇಲಿನ ಲಾಕ್ ಊರ ಸೇತುವೆಯ ಪಕ್ಕದಲ್ಲಿದೆ. ಒಬ್ಬನೇ ದಾಟುವುದೆಂದರೆ ದೋಣಿಯನ್ನು ಒಳಗೆ ತಂದು, ಏಣಿ ಹತ್ತಿ, ಚಕ್ರ ತಿರುಗಿಸಿ, ತೂಬು ಎತ್ತಿ, ಮತ್ತೆ ಹಗ್ಗಕ್ಕೆ ಓಡಬೇಕು. ಡೊರೀನ್ ಬರುತ್ತೇನೆಂದಳು, ಅವನು ಬೇಡವೆಂದ. ಅವಳು ಅವನನ್ನು ಹೊಟ್ಟೆ ತುಂಬ ಬೈದು, ಕಣ್ಣೊರೆಸಿಕೊಂಡು, ಆಲ್ಬಿಯ ಕಾರು ಹತ್ತಿದಳು.

ಹೇಜಲ್ ಕೇಕಿನ ಪೊಟ್ಟಣ ಹಿಡಿದು ಸೇತುವೆಯ ಮೇಲೆ ಬಂದು ನಿಂತಳು. ಸಿರಿಲ್ ಕುಂಟುತ್ತ ಚಕ್ರದಿಂದ ಕದಕ್ಕೆ, ಕದದಿಂದ ದೋಣಿಗೆ ಓಡಾಡುವುದನ್ನು ನೋಡಿದಳು. ಸ್ವಲ್ಪ ಹೊತ್ತು ನಿಂತಳು, ಆಮೇಲೆ ಅವಳ ಕೈಲಾಗಲಿಲ್ಲ. ಕೆಳಗಿಳಿದು ಬಂದು ಪೊಟ್ಟಣವನ್ನು ದೋಣಿಯ ಚಾವಣಿಯ ಮೇಲಿಟ್ಟು ಕದಕ್ಕೆ ಬೆನ್ನು ಕೊಟ್ಟಳು.

"ಇನ್ನೂ ಸಮ ಆಗಿಲ್ಲ. ಬರಲ್ಲ ಅದು," ಎಂದ ಸಿರಿಲ್.

"ಬರುತ್ತೆ," ಎಂದಳು ಹೇಜಲ್.

ಕೊನೆಗೆ 'ಮ್ಯಾರಿಗೋಲ್ಡ್' ಮೇಲಿನ ನೀರಿಗೆ ಬಂತು. ಸಿರಿಲ್ ಹಿಂದಿರುಗಲು ದಡಕ್ಕೆ ಕಾಲಿಡುವಷ್ಟರಲ್ಲಿ ಅವಳು ಕೈ ಬೀಸಿದಳು.

"ಹೋಗು, ಹೋಗು. ಬಾಗಿಲು ನಾನೆತ್ತಿ ಹೋಗ್ತೀನಿ. ನೀನಂತೂ ನಿಲ್ಲೋನಲ್ಲ."

ಅವನು ಚುಕ್ಕಾಣಿ ಹಿಡಿದ. ಹೊಳೆಯ ಸೆಳೆತ ಜೋರಾಗಿತ್ತು, ಎಂಜಿನ್ ಏದುಸಿರು ಬಿಡುತ್ತ ಸಾಗಿತು. ಹಿಂದಿರುಗಿ ನೋಡಿದಾಗ ಕಪ್ಪು ಕೋಟಿನ ಹೇಜಲ್ ಚಕ್ರದ ಮೇಲೆ ಬಾಗಿದ್ದಳು. ಹೊಳೆ ತಿರುಗುವಲ್ಲಿ ಮರಗಳು ಅವಳನ್ನು ಮರೆಮಾಡಿದವು.

ತಿರುವು ದಾಟಿದ ಕೂಡಲೇ ಸಿರಿಲ್ ಎಂಜಿನ್ ನಿಲ್ಲಿಸಿದ. ದೋಣಿಯನ್ನು ಕೊಂಬೆಗಳ ಕೆಳಗೆ ದಡಕ್ಕೆ ತಂದ. ಅಲ್ಲಿಂದ ಹುಲ್ಲುಗಾವಲಿನ ಆಚೆ ಊರಿನ ಬೆನ್ನು ಕಾಣುತ್ತಿತ್ತು, ಹಿತ್ತಲುಗಳು, ಅದರ ಮೇಲೆ ಕಿಟಕಿಗಳು. ಕತ್ತಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಲಿನ ಒಂದು ಕಿಟಕಿಯಲ್ಲಿ ದೀಪ ಹತ್ತಿತು. ಹೇಜಲ್ ಒಳಗೆ ಬಂದಳು. ಬಗ್ಗಿ ಮಂಚದ ಅಂಚಿನಲ್ಲಿ, ಅವನು ಕೂತು ಎದ್ದ ಜಾಗದಲ್ಲಿ, ಹೊದಿಕೆಯನ್ನು ಕೈಯಿಂದ ಸವರಿ ಸರಿಮಾಡಿದಳು.

ಅವಳು ಪರದೆ ಎಳೆಯುವ ತನಕ ಸಿರಿಲ್ ನಿಂತು ನೋಡಿದ. ಆಮೇಲೆ ದೋಣಿಯನ್ನು ದಡಕ್ಕೆ ಬಿಗಿಯುವ ಗೂಟಗಳನ್ನೆಲ್ಲ ಹೊರಗೆ ತೆಗೆದ, ಹಗ್ಗಗಳನ್ನೆಲ್ಲ ತೆಗೆದ. ಕೊರಳಿನ ಕಪ್ಪು ಮಫ್ಲರ್ ಬಿಚ್ಚಿ, ಸದ್ದು ಊರಿಗೆ ಕೇಳಿಸದಿರಲೆಂದು ಮೊದಲನೆಯ ಗೂಟದ ತಲೆಗೆ ಸುತ್ತಿ, ದಡದ ಮಣ್ಣಿಗೆ ಮೆಲ್ಲಗೆ, ಆಳಕ್ಕೆ ಹೊಡೆಯತೊಡಗಿದ.